ದೊಡ್ಡ ಕ್ಯಾಂಪರ್‌ಗೆ ಯಾವ ಟ್ರಕ್? ವರ್ಷವಿಡೀ ರಸ್ತೆಯಲ್ಲೇ ಬದುಕಲು ಹೊರಟ ಕುಟುಂಬಗಳಿಗೊಂದು ಹೋಲಿಕೆ

ನಲವತ್ತು ಅಡಿ ಉದ್ದದ ಕ್ಯಾಂಪರ್. ಹಿಂದೆ ಮಕ್ಕಳಿಗೆ ಬಂಕ್ ಹಾಸಿಗೆ, ಮುಂದೆ ದಂಪತಿಗೆ ಕೋಣೆ, ನಡುವೆ ಅಡುಗೆಮನೆ. ಮನೆ ಖಾಲಿ ಮಾಡಿ ಇದರಲ್ಲೇ ಅಮೆರಿಕ ಸುತ್ತುತ್ತ ಬದುಕುವುದೆಂದು ತೀರ್ಮಾನಿಸಿದವರಿಗೆ ಎದುರಾಗುವ ದೊಡ್ಡ ಪ್ರಶ್ನೆ, ಇದನ್ನು ಎಳೆಯುವ ಟ್ರಕ್ ಯಾವುದು ಎಂಬುದು. ಸಿಯೆನ್ನಾ, ಒಡಿಸ್ಸಿ, ಹೈಲ್ಯಾಂಡರ್ ತರಹದ ಕುಟುಂಬದ ಕಾರು ಓಡಿಸಿ ರೂಢಿಯಾದವರಿಗೆ ಪಿಕಪ್‌ಗಳ ಲೋಕ ಹೊಸದು. ಶೋರೂಮಿಗೆ ಹೋದರೆ ಹಾಫ್ ಟನ್, ತ್ರೀ ಕ್ವಾರ್ಟರ್ ಟನ್, ಒನ್ ಟನ್, ಡ್ಯೂಲಿ ಎಂಬ ವರ್ಗಗಳು; ಗ್ಯಾಸ್ (ಅಂದರೆ ಪೆಟ್ರೋಲ್), ಡೀಸೆಲ್; ಚಿಕ್ಕ ಬೆಡ್, ಉದ್ದ ಬೆಡ್ (ಬೆಡ್ ಎಂದರೆ ಪಿಕಪ್ಪಿನ ಹಿಂದಿನ ತೆರೆದ ಸಾಮಾನು ತೊಟ್ಟಿ). ಯಾವುದರ ಮೇಲೆ ಕೈಯಿಟ್ಟರೂ ಮಾರುವವರು "ಆರಾಮಾಗಿ ಎಳೆಯುತ್ತೆ" ಅನ್ನುತ್ತಾರೆ. ಅದು ಸುಳ್ಳೂ ಅಲ್ಲ, ಈಗಿನ ಹೆವಿ ಡ್ಯೂಟಿ ಟ್ರಕ್ಕುಗಳೆಲ್ಲ ಎಳೆಯುತ್ತವೆ. ಎಳೆಯಲಾರದೆ ಸೋಲುವ ಟ್ರಕ್ ಅಪರೂಪ. ಬೆನ್ನ ಮೇಲೆ ಬೀಳುವ ಭಾರ ತಾಳಲಾರದೆ ಸೋಲುವುದೇ ಹೆಚ್ಚು. ಹಾಗಾಗಿ ಯಾವ ಕಂಪನಿ, ಯಾವ ಎಂಜಿನ್ ಎಂಬುದೆಲ್ಲ ಆಮೇಲೆ. ಮೊದಲು ಬೇಕಾದ್ದು ಒಂದು ಕಾಗದ, ಒಂದು ಪೆನ್ನು.

ತೂಕದ ಲೆಕ್ಕ

ಜಾಹೀರಾತಿನಲ್ಲಿ ದಪ್ಪಕ್ಷರದಲ್ಲಿ ಕಾಣುವುದು ಟೋಯಿಂಗ್ ಸಾಮರ್ಥ್ಯ: 20,000 ಪೌಂಡ್, 30,000 ಪೌಂಡ್. ಕುಟುಂಬದ ಕ್ಯಾಂಪರ್ ವಿಷಯದಲ್ಲಿ ಆ ಸಂಖ್ಯೆಯಿಂದ ಹೆಚ್ಚೇನೂ ತಿಳಿಯದು. ನೋಡಬೇಕಾದ್ದು ಪೇಲೋಡ್, ಅಂದರೆ ಟ್ರಕ್ ತನ್ನ ಮೈಮೇಲೆ ಹೊರಬಹುದಾದ ಒಟ್ಟು ಭಾರ. ಚಾಲಕನ ಬಾಗಿಲು ತೆರೆದರೆ ಚೌಕಟ್ಟಿನಲ್ಲಿ ಹಳದಿ ಪಟ್ಟಿಯ ಚೀಟಿ ಕಾಣುತ್ತದೆ. ಜನ ಮತ್ತು ಸಾಮಾನು ಸೇರಿ ಎಷ್ಟು ತೂಕ ಮೀರಬಾರದು ಎಂದು ಅದರಲ್ಲಿ ಬರೆದಿರುತ್ತದೆ. ಅದು ಆ ಒಂದು ಟ್ರಕ್ಕಿಗೆ ಮಾತ್ರ ಅನ್ವಯಿಸುವ ಸಂಖ್ಯೆ. ಪಕ್ಕದಲ್ಲೇ ನಿಂತ ಅದೇ ಮಾಡೆಲ್‌ಗೆ ಸನ್‌ರೂಫ್, ಕರೆಂಟಿನ ಮೆಟ್ಟಿಲು, ಫೋರ್ ವೀಲ್ ಡ್ರೈವ್ ಇದ್ದರೆ ನಾಲ್ಕೈದು ನೂರು ಪೌಂಡ್ ಕಡಿಮೆ ಇರಬಹುದು. ಹಾಗಾಗಿ ಕಂಪನಿಯ ಜಾಲತಾಣದಲ್ಲಿರುವ "ಗರಿಷ್ಠ ಪೇಲೋಡ್" ನಂಬಬೇಡಿ. ಅದು ಸಾಮಾನ್ಯವಾಗಿ ಎರಡು ಬಾಗಿಲಿನ, ಗ್ಯಾಸ್ ಎಂಜಿನ್ನಿನ, ಏನೂ ಸೌಕರ್ಯವಿಲ್ಲದ ಟ್ರಕ್ಕಿನದು. ಟ್ರಕ್ ಮತ್ತು ಅದರ ಮೇಲಿನ ಭಾರ ಸೇರಿ ದಾಟಬಾರದ ಮಿತಿಗೆ ಜಿವಿಡಬ್ಲ್ಯುಆರ್ ಎನ್ನುತ್ತಾರೆ. ಈ ಮಿತಿ 10,000 ಪೌಂಡ್ ಮೀರಿದ ಟ್ರಕ್ಕುಗಳಲ್ಲಿ ಹಳದಿ ಪಟ್ಟಿಯ ಚೀಟಿ ಇಲ್ಲದಿರಬಹುದು. ಅಲ್ಲಿ ಜಿವಿಡಬ್ಲ್ಯುಆರ್‌ನಿಂದ ಟ್ರಕ್ಕನ್ನು ನಿಜವಾಗಿ ತೂಗಿದ ತೂಕ ಕಳೆದರೆ ಉಳಿಯುವುದೇ ಪೇಲೋಡ್.

ಈ ಪೇಲೋಡ್‌ನೊಳಗೆ ನೀವು, ಮಕ್ಕಳು, ಬೆಡ್‌ನಲ್ಲಿಟ್ಟ ಸೈಕಲ್ಲು, ಟೂಲ್‌ಬಾಕ್ಸು, ಹಿಚ್ (ಕ್ಯಾಂಪರ್ ಕಟ್ಟುವ ಕೊಂಡಿ), ಎಲ್ಲಕ್ಕಿಂತ ಹೆಚ್ಚಾಗಿ ಕ್ಯಾಂಪರ್‌ನ ಮೂಗಿನ ಭಾರ, ಎಲ್ಲವೂ ಹಿಡಿಸಬೇಕು. ಟ್ರಕ್ಕಿನ ಹಿಂಬದಿಯ ಗುಂಡಾದ ಕೊಂಡಿಗೆ ಕಟ್ಟುವ ಟ್ರಾವೆಲ್ ಟ್ರೈಲರ್ ತನ್ನ ತೂಕದ ಶೇ 10ರಿಂದ 15ರಷ್ಟನ್ನು ಟ್ರಕ್ಕಿನ ಮೇಲೆ ಹಾಕುತ್ತದೆ. ಬೆಡ್‌ನ ನಡುವೆ, ಹಿಂದಿನ ಆಕ್ಸಲ್‌ನ ಮೇಲೆಯೇ ಕೂರುವ ಫಿಫ್ತ್ ವೀಲ್ ಶೇ 20ರಿಂದ 25ರಷ್ಟನ್ನು ಹಾಕುತ್ತದೆ. ಪೇಲೋಡ್ ಉಳಿಸಲು ಸಾಮಾನನ್ನೆಲ್ಲ ಹಿಂದಕ್ಕೆ ತುಂಬಿ ಮೂಗು ಹಗುರ ಮಾಡುವ ಉಪಾಯ ಬೇಡವೇ ಬೇಡ. ಎತ್ತಿನ ಗಾಡಿಗೆ ಹೇರು ಹಿಂದಾದರೆ ಮೂಕಿ ಮೇಲೇಳುವಂತೆಯೇ ಇಲ್ಲೂ ಆಗುತ್ತದೆ. ಅರವತ್ತು ಮೈಲಿ ವೇಗದಲ್ಲಿ ಟ್ರೈಲರ್‌ನ ಬಾಲ ಅತ್ತಿತ್ತ ಬೀಸತೊಡಗಿದರೆ ಟ್ರಕ್ಕನ್ನೂ ಎಳೆದುಕೊಂಡು ಮಗುಚುತ್ತದೆ.

ಇನ್ನೊಂದು ಎಚ್ಚರ: ಕ್ಯಾಂಪರ್‌ನ ಕರಪತ್ರದಲ್ಲಿ ಕೊಡುವ "ಡ್ರೈ ವೇಯ್ಟ್" ಖಾಲಿ ಡಬ್ಬದ ತೂಕ. ನೀರಿಲ್ಲ, ಬಟ್ಟೆಯಿಲ್ಲ, ಅಡುಗೆ ಸಾಮಾನಿಲ್ಲ. ವಾರಾಂತ್ಯಕ್ಕೆ ಹೋಗುವವರು ಅದಕ್ಕೆ ಸಾವಿರ ಪೌಂಡ್ ಸೇರಿಸಿದರೆ ಸಾಕು. ಅದರಲ್ಲೇ ವಾಸಿಸುವವರಿಗೆ ಎರಡರಿಂದ ಮೂರು ಸಾವಿರ ಪೌಂಡ್ ಸುಲಭವಾಗಿ ಸೇರುತ್ತದೆ. ಒಂದು ಗ್ಯಾಲನ್ ನೀರು 8.3 ಪೌಂಡ್, ನೂರು ಗ್ಯಾಲನ್ ಟ್ಯಾಂಕ್ ತುಂಬಿದರೆ ಅದೇ 830. ಮಕ್ಕಳ ಪಠ್ಯಪುಸ್ತಕ, ಇಪ್ಪತ್ತು ಪೌಂಡಿನ ಸೋನಾಮಸೂರಿ ಚೀಲಗಳು, ಕಲ್ಲಿನ ಗ್ರೈಂಡರ್, ನಾಲ್ಕು ಋತುವಿನ ಬಟ್ಟೆ, ಕೆಲಸದ ಮಾನಿಟರ್‌ಗಳು, ಸೌರಫಲಕದ ಬ್ಯಾಟರಿ, ಹೀಗೆ ಏರುತ್ತ ಹೋಗುತ್ತದೆ. ಪೂರ್ಣಕಾಲ ಬದುಕುವವರು ಕ್ಯಾಂಪರ್‌ನ ಗರಿಷ್ಠ ಮಿತಿಯನ್ನೇ, ಅಂದರೆ ಅದರ ಜಿವಿಡಬ್ಲ್ಯುಆರ್ ಅನ್ನೇ, ನಿಜವಾದ ತೂಕವೆಂದು ಹಿಡಿದು ಲೆಕ್ಕ ಹಾಕುವುದು ಕ್ಷೇಮ.

ಇಬ್ಬರು ದೊಡ್ಡವರು, ಮೂವರು ಬೆಳೆಯುವ ಮಕ್ಕಳ ಕುಟುಂಬಕ್ಕೆ ಎರಡು ಲೆಕ್ಕ ಹಾಕಿ ನೋಡೋಣ.

10,000 ಪೌಂಡ್ ಮಿತಿಯ, ಮೂವತ್ತಾರು ಅಡಿಯ ಬಂಕ್‌ಹೌಸ್ ಟ್ರಾವೆಲ್ ಟ್ರೈಲರ್: ಶೇ 13ರಂತೆ ಮೂಗಿನ ಭಾರ 1,300, ಭಾರ ಹಂಚುವ ಹಿಚ್ 100, ಕುಟುಂಬ 600, ಬೆಡ್‌ನಲ್ಲಿನ ಸಾಮಾನು 200. ಒಟ್ಟು 2,200 ಪೌಂಡ್.

15,000 ಪೌಂಡ್ ಮಿತಿಯ, ನಲವತ್ತು ಅಡಿ ದಾಟಿದ ಬಂಕ್‌ಹೌಸ್ ಫಿಫ್ತ್ ವೀಲ್: ಶೇ 22ರಂತೆ ಪಿನ್ ಭಾರ (ಫಿಫ್ತ್ ವೀಲ್‌ನ ಮೂಗಿನ ಭಾರ) 3,300, ಹಿಚ್ 200, ಕುಟುಂಬ 600, ಸಾಮಾನು 200. ಒಟ್ಟು 4,300 ಪೌಂಡ್.

ಮಕ್ಕಳು ಬೆಳೆಯುತ್ತಾರೆ, ಸಾಮಾನೂ ಬೆಳೆಯುತ್ತದೆ. ಬಂದ ಸಂಖ್ಯೆಯ ಮೇಲೆ ಶೇ 10ರಷ್ಟು ಬಿಡುವು ಇಟ್ಟುಕೊಂಡರೆ ಮೂರು ವರ್ಷದ ನಂತರವೂ ಅದೇ ಟ್ರಕ್ ಸಾಲುತ್ತದೆ. ಸ್ಪ್ರಿಂಗ್‌ಗೆ ಏರ್‌ಬ್ಯಾಗ್ ಹಾಕಿಸಿದರೆ ಹಿಂಭಾಗ ಕುಸಿಯದೆ ಮಟ್ಟವಾಗಿ ನಿಲ್ಲುತ್ತದೆ, ನಿಜ. ಆದರೆ ಆಕ್ಸಲ್, ಟೈರ್, ಬ್ರೇಕಿನ ಮಿತಿ ಮೊದಲಿದ್ದಲ್ಲೇ ಇರುತ್ತದೆ, ಪೇಲೋಡ್ ಒಂದು ಪೌಂಡೂ ಹೆಚ್ಚುವುದಿಲ್ಲ.

ನಾಲ್ಕು ಬಗೆಯ ಟ್ರಕ್

ಹಾಫ್ ಟನ್ ಬಗ್ಗೆ ಬೇಗ ಹೇಳಿಬಿಡಬಹುದು. ಎಫ್-150, ಸಿಲ್ವರಾಡೊ 1500, ರ‍್ಯಾಮ್ 1500, ಟಂಡ್ರಾ ಈ ಗುಂಪಿನವು. ನಾಲ್ಕು ಬಾಗಿಲಿನ ಮಾಡೆಲ್‌ಗಳ ಚೀಟಿಯಲ್ಲಿ ಸಾಮಾನ್ಯವಾಗಿ ಕಾಣುವುದು 1,400ರಿಂದ 1,900 ಪೌಂಡ್. ಮೇಲಿನ ಚಿಕ್ಕ ಲೆಕ್ಕಕ್ಕೇ ಅದು ಸಾಲದು. 6,500 ಪೌಂಡ್ ಆಸುಪಾಸಿನ ಕ್ಯಾಂಪರ್‌ನಲ್ಲಿ ರಜೆಗೆ ಹೋಗುವವರಿಗೆ ಒಳ್ಳೆಯ ಗಾಡಿ, ಈ ಕೆಲಸಕ್ಕಲ್ಲ. ಟೊಯೋಟಾವನ್ನೇ ನಂಬಿಕೊಂಡು ಬಂದ ಮನೆಗಳಿಗೆ ಇಲ್ಲೊಂದು ಬೇಸರದ ಸುದ್ದಿ: ಟಂಡ್ರಾಕ್ಕಿಂತ ಭಾರದ ಪಿಕಪ್ಪನ್ನು ಟೊಯೋಟಾ ಮಾಡುವುದೇ ಇಲ್ಲ. ಇದರ ಮೇಲಿನದೆಲ್ಲ ಫೋರ್ಡ್, ಜಿಎಂ, ರ‍್ಯಾಮ್ ಈ ಮೂವರ ಪಾಲು. ವಿದ್ಯುತ್ ಟ್ರಕ್ಕುಗಳಲ್ಲಿ ಎಳೆಯುವ ಬಲಕ್ಕೆ ಕೊರತೆಯಿಲ್ಲ, ಆದರೆ ದೊಡ್ಡ ಟ್ರೈಲರ್ ಕಟ್ಟಿದೊಡನೆ ಓಡುವ ದೂರ ಅರ್ಧಕ್ಕೆ ಇಳಿಯುತ್ತದೆ, ಅನೇಕ ಚಾರ್ಜಿಂಗ್ ನಿಲ್ದಾಣಗಳಲ್ಲಿ ಟ್ರೈಲರ್ ಬಿಚ್ಚಿಯೇ ನಿಲ್ಲಿಸಬೇಕು. ಸದ್ಯಕ್ಕೆ ಬೇಡ.

ತ್ರೀ ಕ್ವಾರ್ಟರ್ ಟನ್, ಅಂದರೆ ಎಫ್-250 ಮತ್ತು 2500 ಸಂಖ್ಯೆಯವು. ಅತಿ ಹೆಚ್ಚು ಜನ ಎಡವುವುದು ಇಲ್ಲಿ. ಇವುಗಳಲ್ಲಿ ಅನೇಕವನ್ನು 10,000 ಪೌಂಡ್ ಜಿವಿಡಬ್ಲ್ಯುಆರ್‌ಗೆ ಕಟ್ಟಿಹಾಕಿರುತ್ತಾರೆ. ಡೀಸೆಲ್ ಎಂಜಿನ್ ಗ್ಯಾಸ್ ಎಂಜಿನ್ನಿಗಿಂತ ನೂರಾರು ಪೌಂಡ್ ಭಾರ. ಮಿತಿ ಅಷ್ಟೇ, ಟ್ರಕ್ ಭಾರ. ಹಾಗಾಗಿ ಪೇಲೋಡ್ ಕುಸಿಯುತ್ತದೆ. ಗ್ಯಾಸ್ ಎಫ್-250 ಒಂದು 3,000 ಪೌಂಡಿಗೂ ಹೆಚ್ಚು ಹೊರಬಹುದಾದರೆ, ಚರ್ಮದ ಸೀಟಿನ ಡೀಸೆಲ್ ಎಫ್-250 ಅಥವಾ ರ‍್ಯಾಮ್ 2500ರ ಚೀಟಿಯಲ್ಲಿ 2,000ದ ಆಸುಪಾಸಿನ ಸಂಖ್ಯೆ ನೋಡಿ ಬೆಚ್ಚಿಬೀಳುವವರಿದ್ದಾರೆ. ಸಾವಿರ ಪೌಂಡ್-ಫೀಟ್ ಟಾರ್ಕ್ ಇದ್ದೂ ಫಿಫ್ತ್ ವೀಲ್‌ನ ಪಿನ್ ಹೊರಲಾಗದ ಟ್ರಕ್ ಅದು. ಜಿಎಂನ ಈಚಿನ 2500 ಡೀಸೆಲ್‌ಗಳ ಮಿತಿ 11,000 ದಾಟುವುದರಿಂದ ಅವು ಸ್ವಲ್ಪ ಮೇಲು. ಫೋರ್ಡ್‌ನಲ್ಲೂ ಹೆಚ್ಚಿನ ಮಿತಿಯ ಪ್ಯಾಕೇಜ್ ಸಿಗುತ್ತದೆ, ಬಾಗಿಲು ತೆರೆದೇ ಖಚಿತ ಮಾಡಿಕೊಳ್ಳಬೇಕು. ಒಟ್ಟಿನಲ್ಲಿ ದೊಡ್ಡ ಟ್ರಾವೆಲ್ ಟ್ರೈಲರ್‌ಗೆ ಗ್ಯಾಸ್ ಎಂಜಿನ್ನಿನ ತ್ರೀ ಕ್ವಾರ್ಟರ್ ಟನ್ ಒಳ್ಳೆಯ ಆಯ್ಕೆ, ಕಡಿಮೆ ಖರ್ಚಿನದೂ ಹೌದು. ದೊಡ್ಡ ಫಿಫ್ತ್ ವೀಲ್‌ಗೆ ಈ ವರ್ಗವನ್ನೇ ಬಿಟ್ಟುಬಿಡಿ.

ಒನ್ ಟನ್, ಹಿಂದೆ ಎರಡೇ ಟೈರಿನದು: ಎಫ್-350, 3500. ಹೊರನೋಟಕ್ಕೆ ತ್ರೀ ಕ್ವಾರ್ಟರ್ ಟನ್‌ನ ಅಣ್ಣತಮ್ಮನಂತೆಯೇ ಇರುತ್ತದೆ, ಬೆಲೆಯ ವ್ಯತ್ಯಾಸ ಟ್ರಕ್ಕಿನ ಒಟ್ಟು ಬೆಲೆಯ ಮುಂದೆ ಚಿಕ್ಕದು. ಪೇಲೋಡ್ ಮಾತ್ರ ಗ್ಯಾಸ್‌ನಲ್ಲಿ ಸುಮಾರು 4,000ದಿಂದ 4,700, ಡೀಸೆಲ್‌ನಲ್ಲಿ 3,500ರಿಂದ 4,400. ಹೊಸದು ಕೊಳ್ಳುವವರು ಡೀಸೆಲ್ ತ್ರೀ ಕ್ವಾರ್ಟರ್ ಟನ್ ಆಯ್ದುಕೊಳ್ಳಲು ಸಕಾರಣವೇ ಸಿಗುವುದಿಲ್ಲ. ಕೆಲವು ರಾಜ್ಯಗಳ ನೋಂದಣಿ ಶುಲ್ಕ 10,000 ಪೌಂಡಿನಾಚೆ ಏರುತ್ತದೆ, ಅಷ್ಟೇ.

ಈ ವರ್ಗದಲ್ಲಿ ಪೇಲೋಡ್ ಜೊತೆಗೆ ಹಿಂದಿನ ಆಕ್ಸಲ್ ಲೆಕ್ಕವನ್ನೂ ನೋಡಬೇಕು. ಪಿನ್ ಭಾರ ಬಹುಪಾಲು ಹಿಂದಿನ ಆಕ್ಸಲ್ ಮೇಲೇ ಬೀಳುತ್ತದೆ. ಖಾಲಿ ಟ್ರಕ್ಕಿನ ಹಿಂಭಾಗ 3,300 ಪೌಂಡ್ ಎಂದಿಟ್ಟುಕೊಳ್ಳಿ. ಅದಕ್ಕೆ ಪಿನ್ 3,300, ಹಿಚ್ 200, ಹಿಂದಿನ ಸೀಟಿನ ಮಕ್ಕಳು ಮತ್ತು ಸಾಮಾನಿನ ಪಾಲು 300 ಸೇರಿದರೆ 7,100. ಎಲ್‌ಟಿ245/75ಆರ್17 ಲೋಡ್ ರೇಂಜ್ ಇ ಟೈರ್ ಒಂದು 80 ಪಿಎಸ್‌ಐನಲ್ಲಿ ಹೊರುವುದು 3,195 ಪೌಂಡ್, ಜೋಡಿಗೆ 6,390. ಸಾಲದು. ಎಲ್‌ಟಿ275/70ಆರ್18 ಇ ಆದರೆ ಒಂದಕ್ಕೆ 3,640, ಜೋಡಿಗೆ 7,280. ಆಯಿತು, ಆದರೆ ಉಳಿದದ್ದು ಬರೀ 180 ಪೌಂಡ್. ಟೆಕ್ಸಸ್‌ನ ಜುಲೈ ಬಿಸಿಲಲ್ಲಿ, ಗಾಳಿ ಐದು ಪಿಎಸ್‌ಐ ಕಡಿಮೆಯಿದ್ದ ದಿನ, ಆ ಅಂಚಿನಲ್ಲಿ ಮಕ್ಕಳನ್ನು ಕೂರಿಸಿಕೊಂಡು ಹೋಗುವುದು ಸರಿಯಲ್ಲ. ಟೈರ್ ಸಾಲುವುದಷ್ಟೇ ಅಲ್ಲ, ಬಾಗಿಲಿನ ಚೀಟಿಯಲ್ಲಿರುವ ಹಿಂದಿನ ಆಕ್ಸಲ್ ಮಿತಿಯೊಳಗೂ ಇರಬೇಕು. ಎರಡು ಟೈರಿನ ಒನ್ ಟನ್ ನೆಮ್ಮದಿಯಿಂದ ಎಳೆಯುವುದು ಡೀಸೆಲ್‌ನಲ್ಲಿ 13,000 ಪೌಂಡ್ ಆಸುಪಾಸಿನ ಫಿಫ್ತ್ ವೀಲ್. ಗ್ಯಾಸ್‌ನಲ್ಲಿ ಹೊರುವ ಲೆಕ್ಕ ಇನ್ನೂ ಸ್ವಲ್ಪ ಮೇಲೆ ಹೋದರೂ ಎಂಜಿನ್ ಏದುಸಿರು ಬಿಡುತ್ತದೆ.

ಡ್ಯೂಲಿ, ಅಂದರೆ ಹಿಂದೆ ನಾಲ್ಕು ಟೈರಿನ ಒನ್ ಟನ್. ಪೇಲೋಡ್ 5,000ದಿಂದ 6,500. 15,000 ಪೌಂಡಿನ ನಮ್ಮ ಲೆಕ್ಕ ಇದರ ಮೇಲೆ ಹಾಕಿದರೆ ಸಾಕಷ್ಟು ಮಿಗುತ್ತದೆ. ಅಡ್ಡಗಾಳಿಗೆ, ದೊಡ್ಡ ಲಾರಿ ಪಕ್ಕದಲ್ಲಿ ಹಾದಾಗ ಬೀಸುವ ಗಾಳಿಗೆ ಟ್ರಕ್ ಅಲುಗುವುದು ಕಡಿಮೆ. ಹಿಂದೆ ಒಂದು ಟೈರ್ ಸಿಡಿದರೂ ಪಕ್ಕದ್ದು ಹಿಡಿದು ನಿಲ್ಲಿಸುತ್ತದೆ. 16,000 ದಾಟಿದ ಫಿಫ್ತ್ ವೀಲ್ ಅಥವಾ ಟಾಯ್ ಹಾಲರ್ (ಬೈಕು ಮುಂತಾದವನ್ನು ಒಳಗೇ ಹೇರಿಕೊಳ್ಳುವ ಕ್ಯಾಂಪರ್) ಮನಸ್ಸಿನಲ್ಲಿದ್ದರೆ ಡ್ಯೂಲಿ ಬಿಟ್ಟು ಬೇರೆ ಯೋಚನೆ ಬೇಡ.

ಬೆಲೆ ತೆರುವುದು ಬೇರೆ ಕಡೆ. ಪೂರ್ಣಕಾಲ ಬದುಕುವವರಿಗೆ ಟ್ರಕ್ಕೇ ಮನೆಯ ಒಂದೇ ಕಾರು. ತರಕಾರಿಗೆ, ಲೈಬ್ರರಿಗೆ, ದಂತವೈದ್ಯರ ಬಳಿಗೆ ಅದರಲ್ಲೇ ಹೋಗಬೇಕು. ಹಿಂದಿನ ಅಗಲ ಸುಮಾರು 96 ಇಂಚು, ಅಂದರೆ ಎಂಟು ಅಡಿ. ಒಂಬತ್ತು ಅಡಿಯ ಪಾರ್ಕಿಂಗ್ ಗೆರೆಯೊಳಗೆ ನಿಲ್ಲಿಸಿ ಮಗುವಿನ ಸೀಟಿನ ಬಾಗಿಲು ತೆರೆಯಲಾಗದು. ಅಂಗಡಿಯ ಅಂಗಳದ ತುದಿಯಲ್ಲಿ ನಿಲ್ಲಿಸಿ ನಡೆಯುವುದು ರೂಢಿಯಾಗಬೇಕು. ಟೈರ್ ಆರು, ಒಳಗಿನ ಎರಡರ ಗಾಳಿ ನೋಡಲು ಮಂಡಿಯೂರಬೇಕು. ಒದ್ದೆ ಹುಲ್ಲು, ಕೆಸರಿನ ಕ್ಯಾಂಪ್‌ಗ್ರೌಂಡಿನಲ್ಲಿ ಹಿಂಚಕ್ರ ಬೇಗ ಜಾರುತ್ತದೆ, ಹಾಗಾಗಿ ಡ್ಯೂಲಿಗೆ ಫೋರ್ ವೀಲ್ ಡ್ರೈವ್ ಇರಲಿ. ಎಫ್-450 ಪಿಕಪ್ ಇದಕ್ಕಿಂತ ದೊಡ್ಡದೆಂದು ಹೆಚ್ಚು ದುಡ್ಡು ಕೊಡುವ ಮೊದಲು ಗಮನಿಸಿ: ಅದರ ಜಿವಿಡಬ್ಲ್ಯುಆರ್ ಕೂಡ ಎಫ್-350 ಡ್ಯೂಲಿಯಂತೆ 14,000 ಪೌಂಡೇ, ಗಾಡಿ ಮಾತ್ರ ಭಾರ. ಅದರ ಲಾಭ ಇರುವುದು ಮುಂಚಕ್ರ ಹೆಚ್ಚು ತಿರುಗುವುದರಲ್ಲಿ, ಹೊರುವುದರಲ್ಲಲ್ಲ.

ಗ್ಯಾಸೋ ಡೀಸೆಲ್ಲೋ

ಒಂದೇ ಮಾಡೆಲ್‌ನಲ್ಲಿ ಡೀಸೆಲ್‌ಗೆ ಸುಮಾರು 10,000 ಡಾಲರ್ ಹೆಚ್ಚು. ಇಂಧನ ಉಳಿತಾಯದಲ್ಲಿ ಅದು ವಾಪಸ್ ಬರುತ್ತದೆಂಬ ನಂಬಿಕೆಯನ್ನು ಲೆಕ್ಕ ಹಾಕಿ ಪರೀಕ್ಷಿಸಬೇಕು. 15,000 ಪೌಂಡ್ ಎಳೆಯುವಾಗ ಡೀಸೆಲ್ ಗ್ಯಾಲನ್‌ಗೆ 10 ಮೈಲಿ, ಗ್ಯಾಸ್ 7 ಮೈಲಿ. ಬರಿಗಾಡಿಯಲ್ಲಿ 17 ಮತ್ತು 13. ವರ್ಷಕ್ಕೆ 10,000 ಮೈಲಿ ಎಳೆದು, 8,000 ಮೈಲಿ ಬರಿದೆ ಓಡಿಸಿದರೆ, ಡೀಸೆಲ್ 3.80 ಡಾಲರ್, ಗ್ಯಾಸ್ 3.20 ಡಾಲರ್ ಎಂದು ಹಿಡಿದರೆ, ಡೀಸೆಲ್‌ನಲ್ಲಿ ಉಳಿಯುವುದು ವರ್ಷಕ್ಕೆ 950 ಡಾಲರ್ ಆಸುಪಾಸು. ಅದರಲ್ಲೂ ಒಂದು ಪಾಲು ನಿರ್ವಹಣೆಗೆ ಹೋಗುತ್ತದೆ: ಎಣ್ಣೆ ಬದಲಿಸಿದರೆ 10ರಿಂದ 13 ಕ್ವಾರ್ಟ್, ಇಂಧನ ಫಿಲ್ಟರುಗಳು, ಜೊತೆಗೆ ಡೀಸೆಲ್‌ನ ಶೇ 2ರಿಂದ 4ರಷ್ಟು, ಹೊಗೆ ಶುದ್ಧಿಗೆ ಬೇಕಾದ ಡಿಇಎಫ್ ದ್ರವ. ಉಳಿತಾಯದಿಂದಲೇ ಹತ್ತು ಸಾವಿರ ಹುಟ್ಟಬೇಕಾದರೆ ಹತ್ತು ವರ್ಷಕ್ಕೂ ಹೆಚ್ಚು ಬೇಕು. ಮಾರುವಾಗ ಡೀಸೆಲ್‌ಗೆ ಬೆಲೆ ಚೆನ್ನಾಗಿ ಸಿಗುತ್ತದೆ ಎಂಬುದು ಬೇರೆ ಮಾತು.

ಡೀಸೆಲ್ ಕೊಳ್ಳಲು ನಿಜವಾದ ಕಾರಣ ಇಳಿಜಾರು ಮತ್ತು ಎತ್ತರ. ಟರ್ಬೊ ಇಲ್ಲದ ಗ್ಯಾಸ್ ಎಂಜಿನ್ ಪ್ರತಿ ಸಾವಿರ ಅಡಿ ಏರಿದಂತೆ ಶೇ 3ರಷ್ಟು ಶಕ್ತಿ ಕಳೆದುಕೊಳ್ಳುತ್ತದೆ. ಕೊಲರಾಡೊದ ಐ-70 ಹೆದ್ದಾರಿಯಲ್ಲಿ ಐಸೆನ್‌ಹೋವರ್ ಸುರಂಗ ಇರುವುದು 11,000 ಅಡಿಗೂ ಎತ್ತರದಲ್ಲಿ. ಅಲ್ಲಿಗೆ ಬರುವಷ್ಟರಲ್ಲಿ ಫೋರ್ಡ್‌ನ 7.3 ಲೀಟರ್ ಗ್ಯಾಸ್ ಎಂಜಿನ್ನಿನ 430 ಕುದುರೆಶಕ್ತಿ ಸುಮಾರು 290ಕ್ಕೆ ಇಳಿದಿರುತ್ತದೆ. ಬಲಗಡೆಯ ಸಾಲಿನಲ್ಲಿ ಮೂವತ್ತೈದು ಮೈಲಿ ವೇಗದಲ್ಲಿ, ನಾಲ್ಕು ಸಾವಿರ ಆರ್‌ಪಿಎಂನಲ್ಲಿ ಕೂಗುತ್ತ ಏರುತ್ತದೆ. ಏರುತ್ತದೆ ಎಂಬುದೂ ನಿಜ, ಆ ಎಂಜಿನ್ ಇಂಥ ಕೆಲಸಕ್ಕೇ ಕಟ್ಟಿದ್ದು, ಕೂಗಿದರೆ ಕೆಡುವುದಿಲ್ಲ. ಡೀಸೆಲ್ ತನ್ನ ಟರ್ಬೊದಿಂದ ಬಹುಪಾಲು ಶಕ್ತಿ ಉಳಿಸಿಕೊಂಡು ಸದ್ದಿಲ್ಲದೆ ಹತ್ತುತ್ತದೆ.

ಹತ್ತುವುದಕ್ಕಿಂತ ಇಳಿಯುವುದು ಮುಖ್ಯ. ಶೇ 6, 7ರ ಇಳಿಜಾರಿನಲ್ಲಿ ಟ್ರಕ್ ಮತ್ತು ಕ್ಯಾಂಪರ್ ಸೇರಿ 24,000 ಪೌಂಡ್ ಹಿಂದಿನಿಂದ ತಳ್ಳುತ್ತಿರುತ್ತದೆ. ಡೀಸೆಲ್‌ನ ಎಕ್ಸಾಸ್ಟ್ ಬ್ರೇಕ್ ಗುಂಡಿ ಒತ್ತಿ, ಕ್ರೂಸ್ ಕಂಟ್ರೋಲ್ ಅನ್ನು 50ಕ್ಕೆ ಇಟ್ಟರೆ ಟರ್ಬೊ ಹೊಗೆಯ ದಾರಿಯನ್ನು ಬಿಗಿದು ಎಂಜಿನ್ನೇ ಗಾಡಿಯನ್ನು ತಡೆಹಿಡಿಯುತ್ತದೆ. ಕಾಲು ಬ್ರೇಕಿನ ಮೇಲೆ ಹೋಗುವುದೇ ಅಪರೂಪ. ಗ್ಯಾಸ್‌ನಲ್ಲಿ ಟೋ-ಹಾಲ್ ಮೋಡ್ ಗೇರ್ ಇಳಿಸಿ ಸಹಾಯ ಮಾಡುತ್ತದೆ, ಆದರೆ ಈ ತೂಕಕ್ಕೆ ಅದು ಪೂರ್ತಿ ಸಾಲದು. ಇಳಿಜಾರು ಶುರುವಾಗುವ ಮೊದಲೇ ವೇಗವನ್ನು 40ಕ್ಕೆ ತಂದು, ಒತ್ತಿ ಬಿಡುವ ಕ್ರಮದಲ್ಲಿ ಬ್ರೇಕ್ ಬಳಸಬೇಕು. ಕಾಲಿಟ್ಟುಕೊಂಡೇ ಇದ್ದರೆ ಪ್ಯಾಡ್ ಕಾದು, ವಾಸನೆ ಬಂದು, ಕೊನೆಗೆ ಹಿಡಿತವೇ ಇಲ್ಲವಾಗುತ್ತದೆ.

ಇನ್ನೊಂದು ವ್ಯತ್ಯಾಸ ಕರಪತ್ರದಲ್ಲಿ ಕಾಣುವುದಿಲ್ಲ: ಇಂಧನ ತುಂಬಿಸುವ ಜಾಗ. ಡೀಸೆಲ್ ಇದ್ದರೆ ಪೈಲಟ್, ಲವ್ಸ್ ಮುಂತಾದ ಟ್ರಕ್ ನಿಲ್ದಾಣಗಳಲ್ಲಿ ದೊಡ್ಡ ಲಾರಿಗಳ ಸಾಲಿಗೇ ನೇರ ನುಗ್ಗಿ ನೇರ ಹೊರಬರಬಹುದು. ಡಿಇಎಫ್ ಕೂಡ ಅಲ್ಲೇ ಪಂಪಿನಲ್ಲಿ ಸಿಗುತ್ತದೆ. ಆ ಸಾಲಿನ ದಪ್ಪ ಮೂತಿ ಕೆಲವು ಪಿಕಪ್‌ಗಳ ಟ್ಯಾಂಕ್ ಬಾಯಿಗೆ ಹಿಡಿಸುವುದಿಲ್ಲ, ಮೊದಲೇ ನೋಡಿಕೊಳ್ಳಿ. ಗ್ಯಾಸ್ ಇದ್ದರೆ ಅರವತ್ತು ಅಡಿಯ ಜೋಡಿಗಾಡಿಯನ್ನು ಕಾರುಗಳ ನಡುವೆ, ಕಡಿಮೆ ಎತ್ತರದ ಚಾವಣಿಯಡಿ ತಿರುಗಿಸಬೇಕು. 34 ಗ್ಯಾಲನ್ ಟ್ಯಾಂಕ್‌ಗೆ 7 ಮೈಲಿಯಂತೆ ಲೆಕ್ಕಕ್ಕೆ 238 ಮೈಲಿ, ಧೈರ್ಯವಾಗಿ ಓಡಿಸಬಹುದಾದ್ದು 180. ಪ್ರಯಾಣದ ದಿನ ಎರಡು ಸಲ ಈ ಪರದಾಟ. ಹಿಂದಿನ ಸಂಜೆ ಕ್ಯಾಂಪರ್ ಬಿಚ್ಚಿದ ಮೇಲೆ ಬರಿ ಟ್ರಕ್ ಒಯ್ದು ತುಂಬಿಸಿಟ್ಟುಕೊಳ್ಳುವ ಅಭ್ಯಾಸದಿಂದ ಒಂದು ಸಲದ್ದು ತಪ್ಪುತ್ತದೆ.

ಗ್ಯಾಸ್ ಗೆಲ್ಲುವುದು ಸರಳತೆಯಲ್ಲಿ. ಡೀಸೆಲ್‌ನ ಮಸಿ ಹಿಡಿಯುವ ಡಿಪಿಎಫ್ ಫಿಲ್ಟರ್, ಹೊಗೆ ಅಳೆಯುವ ನಾಕ್ಸ್ ಸೆನ್ಸರ್, ಡಿಇಎಫ್ ಪಂಪು ಕೈಕೊಟ್ಟರೆ ಗಾಡಿ ಎಚ್ಚರಿಕೆ ಕೊಟ್ಟು ವೇಗವನ್ನೇ ಕುಗ್ಗಿಸುತ್ತದೆ; ಡೀಲರ್ ನೂರೈವತ್ತು ಮೈಲಿ ದೂರದಲ್ಲಿದ್ದಾಗ ಮನೆಯೇ ನಿಂತಂತೆ. ಒಂದೇ ಕಡೆ ಮೂರು ತಿಂಗಳು ನಿಂತು ಅಂಗಡಿಗೆ ಎರಡು ಮೈಲಿ ಹೋಗಿಬರುವವರ ಡಿಪಿಎಫ್ ಬಿಸಿಯೇರದೆ ಮಸಿ ಕಟ್ಟಿಕೊಳ್ಳುತ್ತದೆ. ನಿಧಾನವಾಗಿ ಸುತ್ತುವ, ವರ್ಷಕ್ಕೆ ನಾಲ್ಕೈದು ಸಾವಿರ ಮೈಲಿಯಷ್ಟೇ ಎಳೆಯುವ, ಚಳಿಗಾಲವನ್ನು ಫ್ಲೋರಿಡಾ ಅಥವಾ ಟೆಕ್ಸಸ್‌ನ ಬಯಲಲ್ಲಿ ಕಳೆಯುವ ಕುಟುಂಬಕ್ಕೆ ಗ್ಯಾಸೇ ಸರಿ. ಪಶ್ಚಿಮದ ಬೆಟ್ಟಗಳನ್ನು ಮತ್ತೆ ಮತ್ತೆ ದಾಟುವವರಿಗೆ ಡೀಸೆಲ್‌ಗೆ ಕೊಟ್ಟ ದುಡ್ಡಿಗೆ ತಕ್ಕ ಬೆಲೆಯಿದೆ.

ಆಕ್ಸಲ್ ಅನುಪಾತ, ಬೆಡ್, ಸೀಟು

ಗ್ಯಾಸ್ ಕೊಳ್ಳುವವರು ಆಕ್ಸಲ್ ಅನುಪಾತ ಕೇಳದೆ ಕೊಳ್ಳಬಾರದು. ಚಕ್ರ ಒಂದು ಸುತ್ತು ತಿರುಗಲು ಎಂಜಿನ್ ಕಡೆಯ ದಂಡ ಎಷ್ಟು ಸುತ್ತು ತಿರುಗಬೇಕು ಎಂಬ ಸಂಖ್ಯೆ ಅದು; ದೊಡ್ಡದಾದಷ್ಟೂ ಎಳೆಯುವ ಬಲ ಹೆಚ್ಚು. ಅದೇ 7.3 ಎಂಜಿನ್ 3.73ರಲ್ಲಿ ಒಂದು ಟ್ರಕ್, 4.30ರಲ್ಲಿ ಬೇರೆಯೇ ಟ್ರಕ್; ಎಳೆಯಬಹುದಾದ ಒಟ್ಟು ತೂಕದ ಮಿತಿಯೇ ಸಾವಿರಾರು ಪೌಂಡ್ ಬದಲಾಗುತ್ತದೆ. ಆಮೇಲೆ ಬದಲಿಸುವುದು ದುಬಾರಿ.

ಬೆಡ್ ಉದ್ದ ಫಿಫ್ತ್ ವೀಲ್ ಎಳೆಯುವವರಿಗೆ ಮಾತ್ರ ದೊಡ್ಡ ವಿಷಯ. ಆರೂವರೆ ಅಡಿ ಬೆಡ್‌ನಲ್ಲಿ ಬಿಗಿಯಾಗಿ ತಿರುಗಿಸಿದರೆ ಕ್ಯಾಂಪರ್‌ನ ಮೂಲೆ ಟ್ರಕ್ಕಿನ ಹಿಂದಿನ ಗಾಜಿಗೆ ಬಡಿಯಬಹುದು. ಸರಿಯುವ ಸ್ಲೈಡರ್ ಹಿಚ್ ಅದನ್ನು ತಪ್ಪಿಸುತ್ತದೆ, ಆದರೆ ಅದು ಭಾರ, ಕೈಯಿಂದ ಸರಿಸುವಂಥದಾದರೆ ಪ್ರತಿ ಸಲ ಇಳಿದು ಸರಿಸಬೇಕು. ಎಂಟು ಅಡಿ ಬೆಡ್‌ನಲ್ಲಿ ಈ ತಲೆನೋವಿಲ್ಲ, ಸರಳ ಹಿಚ್ ಸಾಕು, ಫೋರ್ಡ್ ಡೀಸೆಲ್‌ನಲ್ಲಿ ಟ್ಯಾಂಕ್ ಕೂಡ 34ರ ಬದಲು 48 ಗ್ಯಾಲನ್. ಬದಲಿಗೆ ನಾಲ್ಕು ಬಾಗಿಲಿನ ಎಫ್-350ರ ಉದ್ದ 250 ಇಂಚಿನಿಂದ 266 ಇಂಚಿಗೆ, ಅಂದರೆ ಇಪ್ಪತ್ತೆರಡು ಅಡಿಗೆ ಏರುತ್ತದೆ. ದೊಡ್ಡ ಫಿಫ್ತ್ ವೀಲ್‌ಗೆ ಉದ್ದ ಬೆಡ್ ಎಂಬುದೇ ಇಲ್ಲಿನ ಶಿಫಾರಸು. ಯಾವುದಾದರೂ ಕಾರ್ಖಾನೆಯ ಫಿಫ್ತ್ ವೀಲ್ ಪ್ರೆಪ್ ಪ್ಯಾಕೇಜ್ ಇರುವುದನ್ನೇ ತೆಗೆದುಕೊಳ್ಳಿ. ಬೆಡ್‌ನಲ್ಲಿ ಹಿಚ್ ಕೂರಿಸುವ ಕುಳಿಗಳು, ಏಳು ಪಿನ್ನಿನ ಸಾಕೆಟ್ಟು ಅದರಲ್ಲೇ ಬರುತ್ತವೆ.

ಸೀಟಿನ ಲೆಕ್ಕ ಕೊನೆಯವರೆಗೆ ಮರೆತುಹೋಗುವ ಸಂಗತಿ. ಓಡುವ ಟ್ರೈಲರ್‌ನೊಳಗೆ ಜನ ಕೂರುವುದು ಹಲವು ರಾಜ್ಯಗಳಲ್ಲಿ ಕಾನೂನಿಗೆ ವಿರುದ್ಧ, ಎಲ್ಲ ಕಡೆಯೂ ಅಪಾಯ. ಎಲ್ಲರಿಗೂ ಟ್ರಕ್ಕಿನಲ್ಲೇ ಬೆಲ್ಟ್ ಬೇಕು. ಮುಂದೆ ನಡುವಿನ ಕನ್ಸೋಲ್ ಇದ್ದರೆ ಐದು ಜನ, ಬೆಂಚ್ ಸೀಟಿದ್ದರೆ ಆರು. ಅದಕ್ಕಿಂತ ಹೆಚ್ಚಿಲ್ಲ. ಊರಿನಿಂದ ಅಜ್ಜ ಅಜ್ಜಿ ಆರು ತಿಂಗಳಿಗೆ ಬರುವವರಿದ್ದರೆ ಐವರ ಕುಟುಂಬ ಏಳಾಗುತ್ತದೆ. ಆಗ ಎರಡನೇ ಕಾರು ಹಿಂಬಾಲಿಸಲೇಬೇಕು. ಅವರಲ್ಲಿ ಟ್ರಕ್ಕಿನಲ್ಲಿ ಕೂರುವವರ ತೂಕ ಕೂಡ ಪೇಲೋಡ್‌ನಲ್ಲೇ ಸೇರುತ್ತದೆ. ರ‍್ಯಾಮ್‌ನ ಮೆಗಾ ಕ್ಯಾಬ್‌ನಲ್ಲಿ ಹಿಂದೆ ಕಾಲು ಚಾಚಲು ಜಾಗ ಧಾರಾಳ, ಒರಗುವ ಸೀಟು. ಅಗಲ ಮಾತ್ರ ಅಷ್ಟೇ, ಮೂರು ಮಕ್ಕಳ ಸೀಟು ಸಾಲಾಗಿ ಹಿಡಿಸಬೇಕಾದರೆ ನಿಮ್ಮ ಸೀಟುಗಳನ್ನೇ ಒಯ್ದು ಕೂರಿಸಿ ನೋಡಿ.

ಹಳೆಯದು ಕೊಳ್ಳುವವರಿಗೆ

ಹೊಸ ಡೀಸೆಲ್ ಡ್ಯೂಲಿ ಸ್ವಲ್ಪ ಸೌಕರ್ಯದ್ದಾದರೆ 80,000 ಡಾಲರ್ ದಾಟುತ್ತದೆ. ಹಾಗಾಗಿ ಬಹಳ ಮಂದಿ ಬಳಸಿದ ಟ್ರಕ್ ಹುಡುಕುತ್ತಾರೆ. ಎಂಜಿನ್ನುಗಳ ಚರಿತ್ರೆ ಗೊತ್ತಿದ್ದರೆ ಸಾವಿರಾರು ಡಾಲರ್ ಉಳಿಯುತ್ತದೆ. ಫೋರ್ಡ್‌ನ 6.0 ಮತ್ತು 6.4 ಲೀಟರ್ ಡೀಸೆಲ್, ಅಂದರೆ 2003ರಿಂದ 2010ರವರೆಗಿನವು, ಅಗ್ಗಕ್ಕೆ ಸಿಕ್ಕರೂ ಬೇಡ. ಹೆಡ್ ಗ್ಯಾಸ್ಕೆಟ್, ಹೊಗೆ ತಣಿಸುವ ಇಜಿಆರ್ ಕೂಲರ್ ರಿಪೇರಿ ಕೈ ಸುಡುತ್ತದೆ. 2011ರ ನಂತರದ ಫೋರ್ಡ್ 6.7 ಒಳ್ಳೆಯ ಎಂಜಿನ್. ಅದರ ದುರ್ಬಲ ಅಂಗ ಸಿಪಿ4 ಎಂಬ ಅಧಿಕ ಒತ್ತಡದ ಇಂಧನ ಪಂಪು. ಅದು ಸವೆದು ಒಡೆದರೆ ಲೋಹದ ಚೂರು ಇಂಜೆಕ್ಟರ್‌ವರೆಗೂ ಹರಡಿ ಇಡೀ ಇಂಧನ ವ್ಯವಸ್ಥೆಯನ್ನೇ ಬದಲಿಸಬೇಕಾಗುತ್ತದೆ, ಖರ್ಚು ಹತ್ತು ಸಾವಿರ ಡಾಲರ್ ಮುಟ್ಟುವುದುಂಟು. ಫಿಲ್ಟರ್ ಹೊತ್ತಿಗೆ ಸರಿಯಾಗಿ ಬದಲಿಸಿದ ದಾಖಲೆ ಕೇಳಿ. ಇದೇ ಪಂಪು ಜಿಎಂನ 2011-16ರ ಡ್ಯೂರಮ್ಯಾಕ್ಸ್ ಡೀಸೆಲ್‌ನಲ್ಲೂ ಇತ್ತು; 2017ರಿಂದ ಬಂದ ಎಲ್5ಪಿ ಡ್ಯೂರಮ್ಯಾಕ್ಸ್‌ನಲ್ಲಿ ಬೇರೆ ಪಂಪು. ಬಳಸಿದ ಡೀಸೆಲ್‌ಗಳಲ್ಲಿ ಮೊದಲು ನೋಡಬೇಕಾದ್ದು ಈ ಎಲ್5ಪಿಯನ್ನೇ. ರ‍್ಯಾಮ್‌ನ 2019, 2020ರ ಕಮಿನ್ಸ್ ಡೀಸೆಲ್‌ನಲ್ಲೂ ಸಿಪಿ4 ಬಂದು, ರಿಕಾಲ್‌ನಲ್ಲಿ ಹಳೆಯ ಸಿಪಿ3ಕ್ಕೆ ಬದಲಾಯಿತು. ಆ ಕೆಲಸ ಆಗಿದೆಯೇ ಎಂದು ಗಾಡಿಯ ವಿನ್ ಸಂಖ್ಯೆ ಹಾಕಿ ನೋಡಿ. ಕಮಿನ್ಸ್‌ಗೆ ಇನ್ನೊಂದು ಕಾಯಿಲೆ, ಗಾಳಿ ಬಿಸಿ ಮಾಡುವ ಗ್ರಿಡ್ ಹೀಟರ್‌ನ ಬೋಲ್ಟ್ ಸುಟ್ಟು ಸಿಲಿಂಡರಿನೊಳಗೆ ಬೀಳುವುದು. ಕಡಿಮೆ ಖರ್ಚಿನಲ್ಲಿ ಮುಂಚಿತವಾಗಿ ಸರಿಪಡಿಸಬಹುದು. ಗೇರ್‌ಬಾಕ್ಸ್‌ನಲ್ಲಿ 3500ರ ಹೈ ಔಟ್‌ಪುಟ್ ಕಮಿನ್ಸ್ ಜೊತೆ ಬರುತ್ತಿದ್ದ ಐಸಿನ್ ಗಟ್ಟಿ. ಉಳಿದವುಗಳ 68ಆರ್‌ಎಫ್‌ಇ ಭಾರಕ್ಕೆ ಬೇಗ ಸೋಲುತ್ತದೆ. 2025ರಿಂದ ಎರಡರ ಜಾಗಕ್ಕೂ ಎಂಟು ಗೇರಿನ ಝಡ್‌ಎಫ್ ಬಂದಿದೆ.

ಗ್ಯಾಸ್‌ನಲ್ಲಿ 2020ರಿಂದ ಬಂದ ಫೋರ್ಡ್ 7.3 ಮುಂಚೂಣಿಯಲ್ಲಿದೆ. ಜಿಎಂನ 6.6 ಗ್ಯಾಸ್ ನಂಬಿಕೆಗೆ ಅರ್ಹ, ಆದರೆ ಅದಕ್ಕೆ ಹತ್ತು ಗೇರು ಬಂದದ್ದು 2024ರಲ್ಲಿ. ಅದಕ್ಕೂ ಹಿಂದಿನ ಆರು ಗೇರಿನವು ಬೆಟ್ಟದಲ್ಲಿ ಗೇರು ಹುಡುಕುತ್ತ ಪರದಾಡುತ್ತವೆ. ರ‍್ಯಾಮ್ 6.4 ಹೆಮಿಯಲ್ಲಿ ಬೆಳಗಿನ ತಣ್ಣನೆ ಸ್ಟಾರ್ಟ್‌ನಲ್ಲಿ ಟಿಕ್ ಟಿಕ್ ಸದ್ದು ಕೇಳಿದರೆ ಎಂಜಿನ್ನಿನ ಕವಾಟ ಎತ್ತುವ ಲಿಫ್ಟರ್ ಸವೆದಿರಬಹುದು, ಕೈ ಬಿಡಿ.

ಸಹಿ ಹಾಕುವ ಮೊದಲು

ಕೆಲವು ರಾಜ್ಯಗಳಲ್ಲಿ ಮಾಮೂಲಿ ಲೈಸೆನ್ಸ್ ಸಾಲದು. ಕ್ಯಾಲಿಫೋರ್ನಿಯಾದಲ್ಲಿ 10,000 ಪೌಂಡ್ ಮಿತಿ ದಾಟಿದ ಟ್ರಾವೆಲ್ ಟ್ರೈಲರ್, 15,000 ದಾಟಿದ ಫಿಫ್ತ್ ವೀಲ್ ಎಳೆಯಲು ವಾಣಿಜ್ಯೇತರ ಕ್ಲಾಸ್ ಎ ಲೈಸೆನ್ಸ್ ಬೇಕು; 10,000 ಮತ್ತು 15,000ದ ನಡುವಿನ ಫಿಫ್ತ್ ವೀಲ್‌ಗೆ ಮಾಮೂಲಿ ಲೈಸೆನ್ಸ್ ಮೇಲೆ ವಿಶೇಷ ಅನುಮತಿ. ಟೆಕ್ಸಸ್‌ನಲ್ಲಿ ಜೋಡಿಯ ಮಿತಿ 26,000 ದಾಟಿದರೆ ಅಂಥದೇ ನಿಯಮ. ಲೈಸೆನ್ಸ್ ನಿಮ್ಮ ನೋಂದಾಯಿತ ರಾಜ್ಯದ ನಿಯಮದಂತೆ ಇರಬೇಕು, ಆದ್ದರಿಂದ ಯಾವ ರಾಜ್ಯವನ್ನು ವಿಳಾಸವಾಗಿ ಇಟ್ಟುಕೊಳ್ಳುವಿರೋ ಅಲ್ಲಿಯದನ್ನು ಮೊದಲು ಓದಿ. ಎಚ್-1ಬಿ ವೀಸಾದಲ್ಲಿರುವವರು ಇದಕ್ಕೂ ಮೊದಲು ಕಂಪನಿಯ ವಲಸೆ ವಕೀಲರನ್ನು ಕೇಳಬೇಕು. ಕೆಲಸದ ಜಾಗ ಅರ್ಜಿಯಲ್ಲಿ ತೋರಿಸಿದ ನಗರವ್ಯಾಪ್ತಿಯಾಚೆ ಹೋದರೆ ತಿದ್ದುಪಡಿ ಅರ್ಜಿ ಬೇಕಾಗುವುದರಿಂದ ಊರೂರು ಸುತ್ತುತ್ತ ಕೆಲಸ ಮಾಡುವುದು ಆ ವೀಸಾಕ್ಕೆ ಹೊಂದುವುದಿಲ್ಲ.

ಟ್ರಕ್ ಮನಸ್ಸಿಗೆ ಬಂದ ಮೇಲೆ ಬಾಗಿಲಿನ ಚೀಟಿಯ ಫೋಟೊ ತೆಗೆದು ಮನೆಗೆ ಬನ್ನಿ. ನಿಮ್ಮ ಲೆಕ್ಕದ ಪಕ್ಕದಲ್ಲಿಟ್ಟು ನೋಡಿ, ಆಮೇಲೆ ಬೆಲೆಯ ಮಾತು. ಕೊಂಡು ಕಟ್ಟಿದ ಮೇಲೆ ಮೊದಲ ವಾರದಲ್ಲೇ ಹೆದ್ದಾರಿಯ ಟ್ರಕ್ ನಿಲ್ದಾಣಗಳಲ್ಲಿರುವ ಕ್ಯಾಟ್ ತೂಕದ ಸೇತುವೆಗೆ ಹೋಗಿ. ನೀರು, ಸಾಮಾನು, ಮಕ್ಕಳು ಎಲ್ಲ ಸಮೇತ, ಟ್ರಕ್ಕಿನ ಮುಂಚಕ್ರ ಮೊದಲ ಹಲಗೆಯ ಮೇಲೆ, ಹಿಂಚಕ್ರ ಎರಡನೆಯದರ ಮೇಲೆ, ಕ್ಯಾಂಪರ್ ಚಕ್ರಗಳು ಮೂರನೆಯದರ ಮೇಲೆ ಬರುವಂತೆ ನಿಲ್ಲಿಸಿ. ಖರ್ಚು ಹದಿನೈದು ಡಾಲರ್ ಆಸುಪಾಸು. ಆಮೇಲೆ ಕ್ಯಾಂಪರ್ ಬಿಚ್ಚಿ ಬರಿ ಟ್ರಕ್ ಅನ್ನು ಅದೇ ಜನ, ಅದೇ ಸಾಮಾನಿನೊಂದಿಗೆ ಮತ್ತೆ ತೂಗಿಸಿ. ಅದೇ ದಿನದ ಮರುತೂಕಕ್ಕೆ ಕೆಲವೇ ಡಾಲರ್. ಕಟ್ಟಿದಾಗಿನ ಮುಂದಿನ ಮತ್ತು ಹಿಂದಿನ ಚಕ್ರಗಳ ಮೊತ್ತದಿಂದ ಬರಿ ಟ್ರಕ್ಕಿನ ಮೊತ್ತ ಕಳೆದರೆ ನಿಜವಾದ ಪಿನ್ ಭಾರ ಸಿಗುತ್ತದೆ. ಟ್ರಾವೆಲ್ ಟ್ರೈಲರ್ ಆದರೆ ಭಾರ ಹಂಚುವ ಸರಳುಗಳನ್ನು ಸಡಿಲಿಸಿ ಇನ್ನೊಂದು ಸಲ ತೂಗಿಸಿ, ಆ ತೂಕದಿಂದ ಕಳೆಯಬೇಕು. ಹಿಂದಿನ ಆಕ್ಸಲ್ ಮಿತಿ ಮೀರಿದ್ದರೆ ಮೊದಲು ಖಾಲಿ ಮಾಡಬೇಕಾದ್ದು ಟ್ರಕ್ಕಿನ ಬೆಡ್. ಅದರ ನಂತರ ಕ್ಯಾಂಪರ್‌ನ ಮುಂಭಾಗದ ಡಿಕ್ಕಿಯಲ್ಲಿ ತುಂಬಿದ ಬ್ಯಾಟರಿ, ಉಪಕರಣ, ಪುಸ್ತಕಗಳು.